ಕತ್ತಲೆಗೆ ಕೈ ಮುಗಿದ ಅವ್ವ

ಗೋಕಾಕದ ಆ ಟಾಕೀಜಿನಲ್ಲಿ ನಾವು ಕೂತಿದ್ದು ಎಡಗಡೆಯ ಸಾಲಿನಲ್ಲಿ ಎಂದು ಎಷ್ಟೋ ಸಲ ಹೇಳಿದ್ದೇನೆ. ಮರುದಿನ ಹುಡುಕಲು ಹೋದಾಗ ಬಲಗಡೆ ಹುಡುಕಿದೆ. ಎರಡೂ ಖಚಿತವಾಗಿ ನೆನಪಿವೆ. ಆದ್ದರಿಂದ ಮುಂದೆ ಬರೆಯುವುದರಲ್ಲಿ ಎಡಬಲಗಳನ್ನು ಯಾರೂ ನಂಬಬೇಕಿಲ್ಲ. ಹೆದರಿಕೆಯನ್ನು ಮಾತ್ರ ನಂಬಬಹುದು. ಅದು ಆವತ್ತು ಎಲ್ಲಿತ್ತೋ ಈಗಲೂ ಅಲ್ಲೇ ಇದೆ, ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಕಡೆ.

ನಮ್ಮ ಮನೆ ಇರುವುದು ಮೂಡಲಗಿಯಲ್ಲಿ. ಮನೆಯಲ್ಲಿ ಅವ್ವ ಮತ್ತು ನಾನು, ಇಬ್ಬರೇ. ನಾನು ಗೋಕಾಕದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಅವ್ವನಿಗೆ ಸಕ್ಕರೆ ಕಾಯಿಲೆ. ಬೆಳಿಗ್ಗೆ ಏಳೂವರೆಗೆ ಇನ್ಸುಲಿನ್ ಸೂಜಿಯನ್ನು ನಾನೇ ಚುಚ್ಚುತ್ತೇನೆ. ಅವಳು ಪೂಜೆಗೆ ಕೂರುತ್ತಾಳೆ, ಅರ್ಧ ಗಂಟೆಗೆ ಎದ್ದು ರೊಟ್ಟಿ ತಿನ್ನುತ್ತಾಳೆ. ಸೂಜಿ, ಪೂಜೆ, ರೊಟ್ಟಿ. ಈ ಕ್ರಮ ಎಷ್ಟು ವರ್ಷದಿಂದ ನಡೆದಿತ್ತೆಂದರೆ, ಅದರ ನಡುವೆ ಒಂದು ಬಿರುಕು ಇದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಆ ಗುರುವಾರ ಅವ್ವನ ರಕ್ತ ಪರೀಕ್ಷೆ ಇತ್ತು. ಅದಾದ ಮೇಲೆ ಪೇಟೆಯಲ್ಲಿ ಊಟ ಮಾಡಿಸಿ, ಮಧ್ಯಾಹ್ನದ ಆಟಕ್ಕೆ ಕರೆದುಕೊಂಡು ಹೋದೆ. ಕನ್ನಡಕ್ಕೆ ಡಬ್ ಆಗಿದ್ದ ವಿಜ್ಞಾನದ ಸಿನಿಮಾ. ನಾನು ಆಗಲೇ ಒಮ್ಮೆ ನೋಡಿದ್ದೆ. ಹುಕ್ಕೇರಿಯಲ್ಲಿ ಒಂದು ವಿಚಾರ ಸಂಕಿರಣವಿತ್ತು. ಇಂಥ ಸಿನಿಮಾದ ನಾಯಕ ಮತ್ತು ಖಳರಲ್ಲಿ ಅಡಗಿರುವ ಧರ್ಮದ ಗುರುತುಗಳ ಬಗ್ಗೆ ಮಾತಾಡುತ್ತೇನೆಂದು ಒಪ್ಪಿಕೊಂಡಿದ್ದೆ. ಅವ್ವನಿಗೆ ಮನರಂಜನೆಯಾಗಲಿ ಎಂದು ಕರೆದೊಯ್ದೆ ಅಂತ ಹೇಳಿಕೊಂಡು ತಿರುಗಿದ್ದುಂಟು. ಅದು ಸುಳ್ಳು. ಅವಳ ಮೇಲೆ ಒಂದು ಪ್ರಯೋಗ ಮಾಡಬೇಕಿತ್ತು.

ಸಿನಿಮಾದ ಕಥೆ ಇಷ್ಟು. ಭೂಮಿ ಬಿಟ್ಟು ಹೊರಟ ಒಂದು ಹಡಗು. ಅದರಲ್ಲಿರುವ ಎಲ್ಲರ ಎದೆಯ ಮೇಲೂ ಮಿನುಗುವ ಒಂದೊಂದು ಹರಳು. ಅವರವರ ಬದುಕಿನ ನೆನಪೆಲ್ಲ ಅದರಲ್ಲಿ. ನಾಯಕ ತಂದೆಯಿಲ್ಲದೆ ಗಾಜಿನ ಗರ್ಭದಲ್ಲಿ ಹುಟ್ಟಿದವನು. ಅವನಿಗೆ ಹನ್ನೆರಡು ಜನ ಸಂಗಡಿಗರು. ಒಬ್ಬ ಹಿಡಿದುಕೊಡುತ್ತಾನೆ. ಹಡಗಿನ ಹೊರಗೆ ಕಂಬಕ್ಕೆ ಎರಡೂ ಕೈ ಚಾಚಿಸಿ ಕಟ್ಟುತ್ತಾರೆ. ಸತ್ತ ಅಂದುಕೊಂಡವನು ಮೂರನೆಯ ದಿನ ಕಣ್ಣು ಬಿಡುತ್ತಾನೆ. ಇವನನ್ನು ಗುರುತಿಸಲು ಪಂಡಿತರು ಬೇಕಿಲ್ಲ.

ಖಳನದೇ ತಮಾಷೆ. ಅದಕ್ಕೆ ಮುಖವಿಲ್ಲ, ಮೈಯಿಲ್ಲ. ನಕ್ಷತ್ರಗಳ ನಡುವೆ ಹರಡುವ ಕತ್ತಲೆ ಅಷ್ಟೇ. ವಯಸ್ಸಾದ ಹೆಂಗಸಿನಂಥ ಮೆತ್ತಗಿನ ದನಿಯಲ್ಲಿ ಅದು ಒಬ್ಬೊಬ್ಬರನ್ನೇ ಕರೆಯುತ್ತದೆ: ಬಾ, ಇಲ್ಲಿ ಹೆಸರಿಲ್ಲ, ಗಡಿಯಿಲ್ಲ, ನೀನು ನಾನು ಎಂಬುದಿಲ್ಲ. ಹೋದವರ ಹರಳು ಆರುತ್ತದೆ. ಹರಳು ಕಳೆದುಕೊಂಡ ಒಬ್ಬ ಮುದುಕನಿಗೆ ಅದು ಬೇರೆ ಯಾರದೋ ಹರಳನ್ನು ತೋರಿಸಿ, ಇದು ನಿನ್ನದೇ, ಬಾ ಎನ್ನುತ್ತದೆ. ಅವನು ನಂಬಿ ಕತ್ತಲೊಳಗೆ ನಡೆದುಹೋಗುತ್ತಾನೆ. ಕೊನೆಗೆ ನಾಯಕ ತನ್ನ ಹರಳನ್ನೇ ಒಡೆದು, ಅದರ ಬೆಳಕಿನಿಂದ ಕತ್ತಲೆಯನ್ನು ಸುಟ್ಟುಹಾಕುತ್ತಾನೆ.

ಮೊದಲ ಸಲ ನೋಡಿದಾಗ ನಾನು ಕುರ್ಚಿಯಲ್ಲಿ ಕುಣಿದುಬಿಟ್ಟಿದ್ದೆ. ಹೆಸರಿಲ್ಲ, ರೂಪವಿಲ್ಲ, ಸೀಮೆಯಿಲ್ಲ. ಇದು ನಮ್ಮ ಬಯಲು! ಶರಣರು ಕೊನೆಗೆ ಕೂಡಬೇಕೆಂದು ಹಂಬಲಿಸಿದ್ದನ್ನು ಈ ಮಂದಿ ತಮಗೆ ಗೊತ್ತಿಲ್ಲದೆಯೇ ಖಳ ಮಾಡಿದ್ದಾರೆ. ಅವರ ದೇವರು ಕಥಾನಾಯಕ, ನಮ್ಮ ದೇವರು ರಾಕ್ಷಸ. ನನ್ನ ಭಾಷಣದ ತಿರುಳು ಸಿಕ್ಕಿತ್ತು. ಆದರೆ ಇದು ನನ್ನೊಬ್ಬಳ ಚಮತ್ಕಾರವಲ್ಲ ಎಂದು ತೋರಿಸಬೇಕಿತ್ತು. ದಿನಾ ಲಿಂಗಪೂಜೆ ಮಾಡುವ, ನನ್ನ ಪುಸ್ತಕಗಳನ್ನು ಓದದ ಒಬ್ಬರಿಗೆ ಹಾಗೆ ಕಂಡರೆ ಸಾಕು.

ಕತ್ತಲೆ ಮೊದಲ ಸಲ ಪರದೆ ತುಂಬಿದಾಗ ನಾನು ಪರದೆ ನೋಡಲಿಲ್ಲ, ಅವ್ವನನ್ನು ನೋಡಿದೆ. ಅವಳು ಸೆರಗು ಸರಿಮಾಡಿಕೊಂಡು ಕೈ ಮುಗಿದಳು.

"ಯಾಕಬೇ ಅವ್ವಾ, ಅಂವಾ ವಿಲನ್ ಅದಾನ."

"ಏನ್ ಕೆಟ್ಟ ಮಾಡೇತಿ ಅದು? ಬಾ ಅಂತ ಕರಿಯಾಕತ್ತೈತಿ. ಅಷ್ಟ ಛಂದಂಗ ನನ್ನ ಯಾರೂ ಕರದಿಲ್ಲ."

"ಹೋದವ್ರು ಸಾಯ್ತಾರಲ್ಲ."

"ಇಲ್ಲೇ ಇದ್ದವ್ರೇನ್ ಸಾಯೂದಿಲ್ಲೇನು? ಸುಮ್ನ ನೋಡು, ಹಿಂದಿನವ್ರು ಬೈತಾರ."

ನನಗೆ ಹೆದರಿಕೆ ಆಗಬೇಕಿತ್ತು. ಆದದ್ದು ಸಂತೋಷ. ಇಂಟರ್ವಲ್ಲಿನಲ್ಲಿ ದೀಪ ಹತ್ತಿದಾಗ ಫೋನು ತೆಗೆದು, ಲಿಂಗವನ್ನು ಒಮ್ಮೆ ಅಂಗೈ ಮೇಲೆ ಇಟ್ಟುಕೋ, ಫೋಟೋ ತೆಗೆಯುತ್ತೇನೆ ಎಂದೆ. ಸಿನಿಮಾದ ಹರಳಿನ ಪಕ್ಕದಲ್ಲಿ ಅದನ್ನಿಟ್ಟು ತೋರಿಸುವ ಆಸೆ.

"ಹುಚ್ಚಿ ಅದಿಯೇನು? ನಾಕ ಮಂದಿಗೆ ತಗದು ತೋರಿಸೂದಲ್ಲ ಅದು."

"ನಾ ನಾಕ ಮಂದಿ ಏನಬೇ? ನಿನ್ನ ಮಗಳು."

ಎರಡು ಸಲ ಬೇಡ ಎಂದಳು. ಮೂರನೆಯ ಸಲ ನಾನು ಮುಖ ಬಾಡಿಸಿದೆ. ನನಗೆ ನಲವತ್ತೊಂದು ವರ್ಷ, ಆದರೂ ಅವಳ ಮುಂದೆ ಈ ವಿದ್ಯೆ ನಡೆಯುತ್ತದೆ. ಅವಳು ಗೋಡೆಯ ಕಡೆ ತಿರುಗಿ, ರವಿಕೆಯೊಳಗಿಂದ ದಾರ ಎಳೆದು, ಬೆಳ್ಳಿಯ ಕರಡಿಗೆ ತೆರೆದು, ಬಟ್ಟೆ ಬಿಡಿಸಿ, ಎಡ ಅಂಗೈ ಮೇಲೆ ಲಿಂಗವನ್ನಿಟ್ಟುಕೊಂಡಳು. ಎರಡು ಫೋಟೋ ತೆಗೆದೆ. ಒಂದು ಅಲುಗಿತ್ತು. ಮೂರನೆಯದು ತೆಗೆಯುವಷ್ಟರಲ್ಲಿ ದೀಪ ಆರಿತು, ಸಿನಿಮಾ ಶುರುವಾಯಿತು. ಅವಳು ಕತ್ತಲಲ್ಲೇ ತಡಕಾಡಿ ಎಲ್ಲವನ್ನೂ ಒಳಗೆ ಹಾಕಿಕೊಂಡಳು. ಕರಡಿಗೆ ಮುಚ್ಚಿದ ಸದ್ದು ಕೇಳಿಸಿತು. ಆ ಸದ್ದು ನಿಜ, ಅದರ ಮೇಲೆ ಆಣೆ ಮಾಡಬಲ್ಲೆ.

ಶುಕ್ರವಾರ ಏಳೂವರೆಗೆ ಸೂಜಿ ಚುಚ್ಚಿದೆ. ಅವ್ವ ದೇವರ ಕೋಣೆಗೆ ಹೋದಳು. ನಾನು ಹೆಂಚಿನ ಮೇಲೆ ರೊಟ್ಟಿ ಹಾಕಿದ್ದೆ. ಒಳಗಿನಿಂದ ಕೂಗು ಬರಲಿಲ್ಲ. ಬಹಳ ಹೊತ್ತು ಏನೂ ಕೇಳದೆ ನಾನೇ ಹೋಗಿ ನೋಡಿದೆ. ಮಣೆಯ ಮೇಲೆ ಕೂತಿದ್ದಳು. ಮುಂದೆ ತೆರೆದ ಕರಡಿಗೆ, ಅದರಲ್ಲಿ ಮಡಿಸಿದ ಬಟ್ಟೆ. ಬಟ್ಟೆಯೊಳಗೆ ಏನೂ ಇಲ್ಲ. ಎಡ ಅಂಗೈ ಹಾಗೇ ಚಾಚಿಕೊಂಡಿತ್ತು.

"ರಾತ್ರಿ ಉಂಡ್ನಲ್ಲಾ," ಎಂದಳು. "ಅದು ಇಲ್ಲದನ ಉಂಡ್ನಲ್ಲಾ ನಾನು."

ನಮ್ಮ ಮನೆಗಳಲ್ಲಿ ಹುಟ್ಟಿದ ಕೆಲವೇ ದಿನಕ್ಕೆ ಲಿಂಗ ಕಟ್ಟುತ್ತಾರೆ. ಅದು ಅವರವರದು, ಅದಲು ಬದಲು ಮಾಡುವಂಥದ್ದಲ್ಲ. ಅದಕ್ಕೆ ತೋರಿಸಿಯೇ ಉಣ್ಣಬೇಕು; ಬೆಳಗಿನ ಪೂಜೆ ಬಿಟ್ಟರೆ ಉಳಿದ ಹೊತ್ತು ಅವ್ವ ಮುಚ್ಚಿದ ಕರಡಿಗೆಯನ್ನೇ ಮುಟ್ಟಿಕೊಂಡು ಉಣ್ಣುತ್ತಾಳೆ. ಮೈಯಿಂದ ಹೋಯಿತೆಂದರೆ ಸಿಗುವವರೆಗೆ, ಇಲ್ಲವೇ ಗುರುಗಳು ಬೇರೆ ಕಟ್ಟುವವರೆಗೆ, ಹನಿ ನೀರೂ ಇಲ್ಲ. ಈಗ ಇದನ್ನು ಹಿಡಿದು ನಡೆಯುವವರು ಕಡಿಮೆ. ನಾನು ಹತ್ತೊಂಬತ್ತನೆಯ ವಯಸ್ಸಿಗೇ ನನ್ನ ಲಿಂಗವನ್ನು ಬಿಚ್ಚಿ ಕಪಾಟಿನ ಡಬ್ಬಿಯಲ್ಲಿಟ್ಟವಳು. ಅವ್ವ ಹಿಡಿದು ನಡೆಯುವವಳು.

ಸೂಜಿ ಒಳಗೆ ಹೋಗಿ ಅರ್ಧ ಗಂಟೆ ಆಗಿತ್ತು. ಅದು ರಕ್ತದಲ್ಲಿ ತನ್ನ ಕೆಲಸ ನಡೆಸಿತ್ತು. ಅದಕ್ಕೆ ಲಿಂಗ ಗೊತ್ತಿಲ್ಲ, ರೊಟ್ಟಿ ಗೊತ್ತು. ರೊಟ್ಟಿ ಸಿಗದಿದ್ದರೆ ಇದ್ದ ಸಕ್ಕರೆಯನ್ನೂ ಇಳಿಸುತ್ತದೆ. ಎರಡು ವರ್ಷದ ಹಿಂದೆ ಹೀಗೇ ಇಳಿದು, ಅವಳು ಬಚ್ಚಲಲ್ಲಿ ಕಣ್ಣು ತೇಲಿಸಿ ಬಿದ್ದದ್ದನ್ನು ನೋಡಿದ್ದೆ.

ಸಕ್ಕರೆ ಡಬ್ಬಿ ತಂದೆ. ಅವಳು ತುಟಿ ಬಿಗಿದಳು. ಬೆರಳು ಹಾಕಲು ನೋಡಿದೆ. ಹಲ್ಲು ಕಚ್ಚಿದಳು. ಕಾಲು ಹಿಡಿದೆ. ಬೈದೆ. ಡಾಕ್ಟರಿಗೆ ಫೋನು ಮಾಡಿದೆ. ಮೊದಲು ಬಾಯಿಗೆ ಸಕ್ಕರೆ ಹಾಕ್ರಿ, ಆಮೇಲೆ ಕರಕೊಂಡು ಬರ್ರಿ ಎಂದರು. ಮೊದಲಿನದೇ ಆಗುತ್ತಿರಲಿಲ್ಲ. ಹುಕ್ಕೇರಿಯ ಮಠಕ್ಕೆ ಮಾಡಿದೆ. ಅವ್ವನಿಗೂ ನನಗೂ ಲಿಂಗ ಬಂದದ್ದು ಆ ಮಠದಿಂದಲೇ. ಮಠದ ಈಗಿನ ಸ್ವಾಮಿಗಳು, ನಮ್ಮ ಅಜ್ಜಾರು, ಒಂದು ಮಾತು ಉಣ್ಣು ಎಂದರೆ ಉಣ್ಣುತ್ತಾಳೆ. ಅಡುಗೆಯವರು ಫೋನು ಎತ್ತಿದರು.

"ಅಜ್ಜಾರು ಪೂಜಿಗೆ ಕುಂತಾರ್ರಿ. ಹನ್ನೊಂದಕ್ಕ ಏಳ್ತಾರ."

"ಜೀವದ ಪ್ರಶ್ನೆ ಐತ್ರಿ."

"ಎಲ್ಲಾರೂ ಹಂಗ ಅಂತಾರ್ರಿ ಅಕ್ಕಾರ. ಪೂಜ್ಯಾಗಿಂದ ಎಬ್ಬಸಾಕ ಬರೂದಿಲ್ಲ."

ಪಕ್ಕದ ಮನೆಯ ಕಾಕಾನ ಬಳಿ ಒಂದು ಹಳೆಯ ವ್ಯಾನು ಇದೆ. ಗೋಕಾಕಕ್ಕೆ ಹೊರಟೆವು. ಟಾಕೀಜು ಅಲ್ಲೇ ಇದೆ, ದೊಡ್ಡ ಆಸ್ಪತ್ರೆಯೂ ಅಲ್ಲೇ ಇದೆ. ಹೊರಡುವ ಮುನ್ನ ಕಪಾಟಿಗೆ ಕೈ ಹಾಕಿ, ನೋಡದೆಯೇ ಡಬ್ಬಿಯೊಳಗಿನ ಬಟ್ಟೆಗಂಟನ್ನು ಎಳೆದು ಪರ್ಸಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆನೋ ಗೊತ್ತಿರಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಗೊತ್ತಿತ್ತು. ಅವ್ವನದು ಸಿಗದಿದ್ದರೆ ಇದನ್ನು ಕೊಡುವುದು. ಒಂದೇ ಮಠದ್ದು, ಒಂದೇ ಅಳತೆ, ಅದೇ ಕಪ್ಪು. ಸುಳ್ಳು ಹೇಳಲಿಕ್ಕೂ ಒಂದು ಜಾಗ ಬೇಕು. ಮನೆಯಲ್ಲಿ ಕುಳಿತು ಸಿಕ್ಕಿತು ಎನ್ನಲಾಗುವುದಿಲ್ಲ.

ಮಸಗುಪ್ಪಿ ಬರುವವರೆಗೆ ಅವ್ವ ಸರಿಯಾಗೇ ಇದ್ದಳು. ಕಾಕಾ ತನ್ನ ಪ್ರಯತ್ನ ಮಾಡಿದ.

"ವೈನೀ, ಒಂದ ಗುಟುಕ ಮಜ್ಜಿಗಿ ಕುಡದ್ರ ನಿಮ್ಮ ಶಿವ ಏನ್ ಸಿಟ್ಟಾಗೂದಿಲ್ಲರಿ."

"ನೀ ಕುಡಿ. ನಿನಗಂತೂ ಹುಟ್ಟಿದಾಗಿಂದ ಮಾಫ್ ಮಾಡ್ಕೋತ ಬಂದಾನ."

ಕಾಕಾ ನಕ್ಕ. ನಾನೂ ನಕ್ಕೆ. ಅವಳು ಹೀಗೆ ಚುಚ್ಚಿ ಮಾತಾಡುವವರೆಗೆ ಭಯವಿಲ್ಲ ಎಂದುಕೊಂಡೆ. ಮಸಗುಪ್ಪಿ ದಾಟಿದ ಮೇಲೆ ಆಕಳಿಸತೊಡಗಿದಳು. ಒಂದರ ಹಿಂದೆ ಒಂದು. ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆ ತುಂಬ ಹೋಗುತ್ತಿತ್ತು, ಕಾಕಾ ಹಾರ್ನ್ ಹೊಡೆಯುತ್ತಲೇ ಇದ್ದ. ಅವ್ವನ ಕೈ ಹಿಡಿದುಕೊಂಡೆ. ತಣ್ಣಗೆ, ಒದ್ದೆಯಾಗಿತ್ತು. ಎಂಟೂ ಮುಕ್ಕಾಲು. ಆಗ ನನಗೊಂದು ಯೋಚನೆ ಬಂತು. ಬರೆಯುವುದು ಕಷ್ಟ. ಇವಳು ಬೇಗ ಎಚ್ಚರ ತಪ್ಪಲಿ. ಎಚ್ಚರ ತಪ್ಪಿದರೆ ಕಚ್ಚಿದ ಹಲ್ಲು ಸಡಿಲವಾಗುತ್ತವೆ, ಆಸ್ಪತ್ರೆಯಲ್ಲಿ ಗ್ಲುಕೋಸ್ ಹಚ್ಚುತ್ತಾರೆ, ಬೇಡ ಎನ್ನಲು ಅವಳು ಇರುವುದಿಲ್ಲ. ತಾಯಿಯ ಪ್ರಜ್ಞೆ ಹೋಗಲಿ ಎಂದು ಪಕ್ಕದಲ್ಲಿ ಕೂತು ಕಾದೆ. ಬಚ್ಚಲಲ್ಲಿ ಬಿದ್ದಾಗ ಡಾಕ್ಟರು ಹೇಳಿದ್ದ ಮಾತು ಅದರ ಬೆನ್ನಿಗೇ ನೆನಪಾಯಿತು: ಪ್ರತಿ ಸಲ ಹೋದವರು ವಾಪಸ್ ಬರ್ತಾರ ಅಂತೇನಿಲ್ಲ.

"ಅವ್ವಾ, ದವಾಖಾನಿಗೆ ಹೋಗೂಣು."

"ಅದು ಸಿಗೂತನಕ ಎಲ್ಲಿಗೂ ಬ್ಯಾಡ."

ಟಾಕೀಜಿನಲ್ಲಿ ಕಸ ಹೊಡೆಯುವ ಹೆಂಗಸು ಬಾಗಿಲು ತೆರೆದಳು. ಒಳಗೆ ಎರಡೇ ದೀಪ. ಬೆಳಗಿನ ಹೊತ್ತು ಖಾಲಿ ಟಾಕೀಜು ಇಷ್ಟು ದೊಡ್ಡದಾಗಿ ಕಾಣುತ್ತದೆಂದು ಗೊತ್ತಿರಲಿಲ್ಲ.

"ಕರೀದು, ಸಣ್ಣದು, ನೇರಳಿ ಹಣ್ಣಿನಷ್ಟ ಇರತೈತಿ," ಎಂದೆ.

"ರಾತ್ರಿನ ಕಸಾ ಹೊಡದು ಚೀಲ ಕಟ್ಟಿನ್ರಿ ಅಕ್ಕಾರ. ಮುಂಜಾನೆ ಗಾಡಿ ಬಂದು ಒಯ್ತು."

"ಎಲ್ಲಿಗೆ?"

"ಊರ ಕಸಾ ಎಲ್ಲಿ ಹೋಗತೈತೋ ಅಲ್ಲಿಗೆ." ಅವ್ವನ ಕಡೆ ನೋಡಿ ಅವಳ ದನಿ ಇಳಿಯಿತು. "ಆಯೀದು ಏನ್ರಿ? ಆಯೀ, ನೀವು ಕುಂಡ್ರರಿ. ನಾ ಮತ್ತೊಮ್ಮಿ ನೋಡತೇನಿ."

ಅವ್ವನನ್ನು ಕುರ್ಚಿಯಲ್ಲಿ ಕೂರಿಸಿ, ನಾವಿಬ್ಬರೂ ಮೊಣಕಾಲೂರಿ ಸಾಲುಗಳ ಕೆಳಗೆ ಹುಡುಕಿದೆವು. ಅವಳು ಪೊರಕೆಯ ಹಿಡಿಯಿಂದ, ನಾನು ಫೋನಿನ ಬೆಳಕಿನಿಂದ. ಅಡಿಕೆ ಚೂರು, ಪಾಪ್‌ಕಾರ್ನು, ಒಂದು ಮಗುವಿನ ಕಾಲ್ಗಡಗ. ಹಿಂದಿನಿಂದ ಅವ್ವ ಮಾತಾಡುವುದು ಕೇಳಿತು. ನನ್ನೊಡನೆ ಅಲ್ಲ. ಎದ್ದು ನೋಡಿದರೆ, ಬಿಳೀ ಪರದೆಯ ಕಡೆ ತಿರುಗಿ ಕೈ ಮುಗಿದಿದ್ದಳು. ಮುಖದಿಂದ ಬೆವರು ಸುರಿಯುತ್ತಿತ್ತು.

"ಬಂದ್ನಿ," ಎಂದಳು. ನಾಲಿಗೆ ದಪ್ಪವಾಗಿತ್ತು. "ಕರದ್ರ ಬರೂದಿಲ್ಲಂತೇನಿಲ್ಲ. ಬಂದ್ನಿ ತಡಿ."

ಪರದೆಯ ಮೇಲೆ ಏನೂ ಇರಲಿಲ್ಲ. ಇದನ್ನು ಹತ್ತು ಸಲ ಹೇಳಿಕೊಂಡಿದ್ದೇನೆ, ಏನೂ ಇರಲಿಲ್ಲ ಎಂದು. ಆದರೆ ಆ ಕ್ಷಣ ಪರದೆಯ ಕಡೆ ತಿರುಗಿ ನೋಡುವ ಧೈರ್ಯ ನನಗೆ ಬಂದಿರಲಿಲ್ಲ. ಹಾಗಾದರೆ ಏನೂ ಇರಲಿಲ್ಲ ಎಂದು ನನಗೆ ಹೇಗೆ ಗೊತ್ತು?

ಕೆಳಗೆ ಬಗ್ಗಿದೆ. ಪರ್ಸಿನೊಳಗೆ ಕೈ ಹಾಕಿ ಗಂಟು ಬಿಚ್ಚಿದೆ. ಇಪ್ಪತ್ತೆರಡು ವರ್ಷ ಡಬ್ಬಿಯಲ್ಲಿ ಬಿದ್ದಿದ್ದಕ್ಕೆ ಧೂಳು ಹಿಡಿದಿರಬೇಕಿತ್ತು. ಹಿಡಿದಿರಲಿಲ್ಲ. ಬೆರಳಿಗೆ ನುಣ್ಣಗೆ ತಾಗಿತು, ವಿಭೂತಿಯ ವಾಸನೆ ಬಂತು. ಆಗ ಅದರ ಬಗ್ಗೆ ಯೋಚಿಸಲು ಹೊತ್ತಿರಲಿಲ್ಲ.

"ಸಿಕ್ತು! ಅವ್ವಾ, ಸಿಕ್ತು ನೋಡ!"

ಅವಳ ಎಡ ಅಂಗೈ ಬಿಡಿಸಿ ಇಟ್ಟೆ. ಅವಳು ನೋಡಿದಳು. ಹೆಬ್ಬೆರಳಿನಿಂದ ಅದರ ಸುತ್ತ ಒಮ್ಮೆ ಸವರಿದಳು. ಆಮೇಲೆ ಮುಖ ಎತ್ತಿ ನನ್ನನ್ನು ನೋಡಿದಳು. ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಕಸ ಹೊಡೆಯುವ ಹೆಂಗಸು ಎರಡೂ ಕೈ ಎದೆಗೆ ಒತ್ತಿಕೊಂಡು ನಿಂತಿದ್ದಳು. ಅವ್ವ ಲಿಂಗವನ್ನು ಹಣೆಗೆ ಮುಟ್ಟಿಸಿ ಬಾಯಿ ತೆರೆದಳು.

ಸಕ್ಕರೆ ಹಾಕಿದೆ. ಕಾಕಾ ಹೊರಗಿನ ಗಾಣದಿಂದ ಕಬ್ಬಿನ ಹಾಲು ತಂದ. ಎರಡು ಗ್ಲಾಸು ಕುಡಿದಳು. ಹತ್ತು ನಿಮಿಷಕ್ಕೆ ಕಣ್ಣು ತಿಳಿಯಾದವು. ಆಸ್ಪತ್ರೆಗೆ ಹೋದೆವು, ನೋಡಿ ಕಳಿಸಿದರು. ಹನ್ನೊಂದೂವರೆಗೆ ಅಜ್ಜಾರ ಫೋನು ಬಂತು.

"ಏನ್ ತಂಗಿ, ಮುಂಜಾನೆ ಫೋನ್ ಹಚ್ಚೀದಂತ?"

"ಏನಿಲ್ರಿ ಅಜ್ಜಾರ. ಹಂಗ, ಅವ್ವನ ತಬೇತಿ. ಈಗ ಆರಾಮ ಅದಾಳ್ರಿ."

ಹೆದರಿಕೆ ಅಲ್ಲಿಗೆ ಮುಗಿಯಬೇಕಿತ್ತು. ಶನಿವಾರ ಬೆಳಿಗ್ಗೆ ಸೂಜಿ ಹಿಡಿದಾಗ ಅದು ನಿಜವಾಗಿ ಶುರುವಾಯಿತು. ಈಗ ಚುಚ್ಚುತ್ತೇನೆ. ಇವಳು ಒಳಗೆ ಹೋಗುತ್ತಾಳೆ. ತಲೆ ತಿಳಿಯಾಗಿದೆ, ಹಗಲ ಬೆಳಕಿದೆ. ಅರವತ್ತೆಂಟು ವರ್ಷ ಅಂಗೈಯಲ್ಲಿಟ್ಟು ನೋಡಿದ್ದನ್ನು ಗುರುತಿಸದೆ ಇರುತ್ತಾಳೆಯೇ? ಇದು ನನ್ನದಲ್ಲ ಎಂದು ಗೊತ್ತಾದ ಕ್ಷಣ ಮತ್ತೆ ಬಾಯಿ ಮುಚ್ಚುತ್ತಾಳೆ. ಈ ಸಲ ಕೊಡಲು ನನ್ನ ಬಳಿ ಬೇರೇನೂ ಇಲ್ಲ. ಪೂಜೆ ಆದಮೇಲೆ ಚುಚ್ಚುತ್ತೇನೆ ಎನ್ನಬಹುದಿತ್ತು. ಯಾಕೆ ಎಂದು ಕೇಳಿದರೆ? ಚುಚ್ಚಿದೆ. ದೇವರ ಕೋಣೆಯ ಬಾಗಿಲಿಗೆ ಕಿವಿ ಕೊಟ್ಟು ನಿಂತೆ. ನೀರು ಬಿಟ್ಟ ಸದ್ದು. ಆಮೇಲೆ ಸದ್ದಿಲ್ಲ. ಆಮೇಲೆ ಕರಡಿಗೆ ಮುಚ್ಚಿದ ಸದ್ದು. ಅವ್ವ ಹೊರಗೆ ಬಂದು, "ರೊಟ್ಟಿ ಕರಕಲ ಆಗ್ಯಾವು, ಎಲ್ಲಿ ನೋಡಾಕತ್ತಿದ್ದಿ?" ಎಂದು ಬೈದು ಎರಡು ತಿಂದಳು.

ಭಾನುವಾರವೂ ಹೀಗೆ. ಸೋಮವಾರ ನಾನು ಕಾಲೇಜಿಗೆ ಹೋಗಿ ಸಂಜೆ ಬರುವಷ್ಟರಲ್ಲಿ ಅಂಗಳದಲ್ಲಿ ಒಂದು ಕರಿಬೇವಿನ ಸಸಿ ಇತ್ತು.

"ಅರಭಾವಿಗೆ ಹೋಗಿದ್ನಿ," ಎಂದಳು. "ಅಲ್ಲಿ ಛಲೋ ಸಸಿ ಸಿಗತಾವು. ಬಸ್ಸಿನ್ಯಾಗ ಕಾಲೇಜ ಹುಡಿಗ್ಯಾರು ನನಗ ಸೀಟ ಬಿಟ್ಟಕೊಟ್ರು ನೋಡ."

"ಒಬ್ಬಾಕೀನ?"

"ಯಾಕ, ನಾ ಏನ್ ಕೂಸಿದ್ದೀನಿ?"

ಮುಂದಿನ ವಾರ ಹುಕ್ಕೇರಿಯ ಸಭೆ. ಅಷ್ಟರಲ್ಲಿ ನಾನು ಮೂರು ಸಲ ಟಿಪ್ಪಣಿ ಹರಿದಿದ್ದೆ. ಬೇರೆಯವರ ಹರಳನ್ನು ನಿನ್ನದೇ ಎಂದು ಕೊಡುವ ದೃಶ್ಯ ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು. ಅದನ್ನು ಬಿಟ್ಟೇ ಬರೆದೆ. ಫೋಟೋ ಮಾತ್ರ ಸ್ಲೈಡಿನಲ್ಲಿ ಹಾಗೇ ಇತ್ತು. ವೇದಿಕೆ ಹತ್ತಿದರೆ ಮುಂದಿನ ಸಾಲಿನಲ್ಲಿ ಅಜ್ಜಾರು ಕೂತಿದ್ದಾರೆ. ಆ ಸ್ಲೈಡನ್ನು ದಾಟಿಸಿಬಿಟ್ಟೆ. ನಾಯಕನ ಚಾಚಿದ ಕೈಗಳ ಬಗ್ಗೆ ಹೇಳಿದೆ, ಹನ್ನೆರಡರ ಲೆಕ್ಕ ಹೇಳಿದೆ. ಖಳ ನಮ್ಮ ಬಯಲು ಎಂದೆ. ಚಪ್ಪಾಳೆ ಬಿತ್ತು. ನನ್ನ ದನಿ ನನಗೇ ಬೇರೆಯವರದಾಗಿ ಕೇಳುತ್ತಿತ್ತು.

ಪ್ರಶ್ನೆ ಕೇಳಿ ಎಂದಾಗ ಅಜ್ಜಾರೇ ಎದ್ದರು.

"ತಂಗಿ, ನಾ ಆ ಸಿನಿಮಾ ನೋಡಿಲ್ಲ. ನಮಗ ಯಾರೂ ಕರಕೊಂಡ ಹೋಗೂದಿಲ್ಲ." ಸಭೆ ನಕ್ಕಿತು. "ಆ ಕತ್ತಲಿ ಎಲ್ಲಾರನೂ ಬಾ ಬಾ ಅಂತೈತಿ ಅಂದಿ. ಹೌದಲ್ಲ?"

"ಹೌದ್ರಿ."

"ಬಯಲು ಯಾರನ್ನೂ ಕರಿಯೂದಿಲ್ಲವ್ವ. ಅದಕ್ಕ ಏನ್ ಕಡಿಮಿ ಆಗೇತಿ ಕರಿಯಾಕ? ಬಾ ಅಂತ ಕರಿಯೂದು ಹಸಿವು. ಬಿಟ್ಟಿರಾಕ ಆಗದವ್ರು ಕರೀತಾರ."

ಇಷ್ಟು ಹೇಳಿ ಕೂತರು. ನನ್ನ ಎಂಟು ಪುಟಕ್ಕೆ ಎರಡು ಸಾಲಿನಲ್ಲಿ ಉತ್ತರ ಬಂದಿತ್ತು. ಧನ್ಯವಾದ ಹೇಳಿ ಇಳಿದೆ. ನಾನು ಚಿಹ್ನೆಗಳನ್ನು ತಪ್ಪು ಓದಿದ್ದೆ ಎಂಬ ನಾಚಿಕೆ ಆಗಬೇಕಿತ್ತು. ಬದಲಿಗೆ ಕಂಡದ್ದು ಆ ಖಾಲಿ ಟಾಕೀಜಿನಲ್ಲಿ ಬಗ್ಗಿ ಕೂತು, ಸಿಕ್ತು ನೋಡ ಎಂದು ಕೂಗುತ್ತಿದ್ದ ಒಬ್ಬ ಹೆಂಗಸು.

ಆಮೇಲೆ ಉಪ್ಪಿಟ್ಟು, ಚಹಾ. ಅಜ್ಜಾರು ಹತ್ತಿರ ಕರೆದರು.

"ಅವ್ವ ಹ್ಯಾಂಗ ಅದಾಳ? ಹೊಸಾದು ಒಗ್ಗಿತೇನು ಆಕಿಗೆ?"

"ಏನ್ ಹೊಸಾದ್ರಿ?"

ಅವರು ಚಹಾದ ಬಟ್ಟಲು ಕೆಳಗಿಟ್ಟರು. "ಅಯ್ಯ ಶಿವನ. ಹೇಳಬ್ಯಾಡ್ರಿ ಅಂದಿದ್ಲು, ನಾ ಹೇಳೇಬಿಟ್ಟೆ ನೋಡು."

ಅವರೇ ಮುಂದುವರಿಸಿದರು. ಸೋಮವಾರ ಮಧ್ಯಾಹ್ನ ಬಂದಿದ್ದಳು. ಕಳೆದ ಮಾತು ಹೇಳಿ ಹೊಸ ಲಿಂಗ ಕಟ್ಟಿಸಿಕೊಂಡಳು. ಕಳೆದ ಮೇಲೂ ನಾಲ್ಕು ದಿನ ಉಂಡಿದ್ದೇನೆ, ಅದಕ್ಕೇನು ಪ್ರಾಯಶ್ಚಿತ್ತ ಎಂದು ಕೇಳಿದಳು. ಯಾಕೆ ಉಂಡೆ ಎಂದು ಇವರು ಕೇಳಿದ್ದಕ್ಕೆ, ಹುಡುಗಿ ಬಹಳ ಅಂಜಿದ್ದಳು ಎಂದಳಂತೆ.

"ನಾನಂದೆ, ಪ್ರಾಯಶ್ಚಿತ್ತ ಏನೂ ಬ್ಯಾಡ, ಎರಡ ಹೊತ್ತ ಬರೋಬ್ಬರಿ ಉಣ್ಣು ಅಂತ. ಅದಕ್ಕ ಸಿಟ್ಟಿಗೆದ್ಲು. ಇಷ್ಟ ಹಗರ ಮಾಡ್ತೀರೇನ್ರಿ ಅಂತ."

ವಾಪಸ್ ಬರುವ ಬಸ್ಸಿನಲ್ಲಿ ಸುಧಾರಿಸಿಕೊಳ್ಳಲು ನೋಡಿದೆ. ಎಲ್ಲ ಒಳ್ಳೆಯದೇ ಆಯಿತಲ್ಲ. ಅವ್ವನ ಕೊರಳಲ್ಲಿ ಈಗ ಅವಳದೇ ಇದೆ, ನನ್ನ ಸುಳ್ಳು ಯಾರನ್ನೂ ಕೊಲ್ಲಲಿಲ್ಲ. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಶನಿವಾರ ಬೆಳಿಗ್ಗೆ, ಬೆಳಕಿನಲ್ಲಿ, ಗೊತ್ತಾಯಿತು ಎಂದಿಟ್ಟುಕೊಳ್ಳೋಣ. ಗೊತ್ತಾಗಿಯೂ ಹೊರಗೆ ಬಂದು ರೊಟ್ಟಿ ಕರಕಲು ಎಂದು ಬೈದಳೇ? ಅಷ್ಟು ಚೆನ್ನಾಗಿ ಮುಚ್ಚಿಡಬಲ್ಲಳೇ? ಹಾಗಾದರೆ ಉಳಿದ ದಿನಗಳಲ್ಲಿ ಇನ್ನೇನೇನು ಮುಚ್ಚಿಟ್ಟಿದ್ದಾಳೆ? ಹುಕ್ಕೇರಿಯ ದಾರಿಯಲ್ಲೇ ಇರುವ ಅರಭಾವಿಯಲ್ಲಿ ಕಾಲೇಜು ಹುಡುಗಿಯರು ಹತ್ತಿದರು, ನಗುತ್ತಾ ಗದ್ದಲ ಮಾಡುತ್ತಾ. ಅವ್ವನಿಗೆ ಸೀಟು ಬಿಟ್ಟುಕೊಟ್ಟವರು ಇವರಲ್ಲೇ ಯಾರೋ ಇರಬೇಕು. ಸಸಿ ನಿಜ, ಸೀಟು ನಿಜ, ಅವಳ ಮಾತಿನಲ್ಲಿ ನಡುವಿನ ಹುಕ್ಕೇರಿ ಮಾತ್ರ ಇಲ್ಲ. ನೆನಪನ್ನು ಜೋಡಿಸುವುದನ್ನು ನಾನು ಯಾರಿಂದ ಕಲಿತೆ ಎಂದು ಆಗ ತಿಳಿಯಿತು.

ಮನೆಗೆ ಬಂದಾಗ ಅವ್ವ ಪಕ್ಕದ ಮನೆಯ ಕಟ್ಟೆಯ ಮೇಲೆ ಕಾಕಾನೊಂದಿಗೆ ಜಗಳವಾಡುತ್ತ ಕೂತಿದ್ದಳು. ನಾನು ನೇರ ಕಪಾಟಿಗೆ ಹೋದೆ. ಡಬ್ಬಿ ಇದ್ದಲ್ಲೇ ಇತ್ತು. ಮುಚ್ಚಳ ತೆಗೆದೆ. ನನ್ನ ಲಿಂಗ ವಾಪಸ್ ಬಂದಿತ್ತು, ಹೊಸ ಬಿಳೀ ಬಟ್ಟೆಯ ಮೇಲೆ, ಅಂದಿನ ಬೆಳಗಿನದೇ ಇರಬೇಕಾದ ಹಸಿರು ಬಿಲ್ವಪತ್ರೆಯೊಂದನ್ನು ಹೊತ್ತುಕೊಂಡು. ಬಟ್ಟೆ ಎತ್ತಿದೆ. ಕೆಳಗೆ ಒಣಗಿದ ಪತ್ರೆಗಳು. ಅವುಗಳ ಕೆಳಗೆ ಇನ್ನೂ ಒಣಗಿದವು, ಕಂದು, ಬೂದು. ಬೆರಳು ತಾಗಿದರೆ ಪುಡಿಯಾಗುವವು. ತಳದಲ್ಲಿ ಎಲೆಯೆಂದು ಹೇಳಲು ಬಾರದ ಒಂದು ಹಿಡಿ ಹುಡಿ.

ಎಷ್ಟು ವರ್ಷದ್ದು ಎಂದು ಎಣಿಸಲು ಹೋಗಲಿಲ್ಲ. ನಾನು ಬಿಚ್ಚಿಟ್ಟ ದಿನದಿಂದ ಅವಳು ಎರಡು ಪೂಜೆ ಮಾಡುತ್ತ ಬಂದಿದ್ದಳು. ತನ್ನದೊಂದು, ನನ್ನದೊಂದು. ಹಾಗಾದರೆ ಟಾಕೀಜಿನಲ್ಲಿ ನಾನು ಅವಳ ಅಂಗೈ ಮೇಲೆ ಇಟ್ಟದ್ದನ್ನು ಗುರುತಿಸಲು ಶನಿವಾರದ ಬೆಳಕು ಬೇಕಿರಲಿಲ್ಲ. ಹೆಬ್ಬೆರಳು ಒಂದು ಸುತ್ತು ಬರುವಷ್ಟರಲ್ಲಿ ಅವಳಿಗೆ ಎಲ್ಲ ತಿಳಿದಿತ್ತು. ತಿಳಿದೇ ಮುಖ ಎತ್ತಿ ನನ್ನನ್ನು ನೋಡಿದ್ದಳು. ಆಚೆ ಪರದೆಯ ಕಡೆಯಿಂದ ಯಾವುದೋ ಕರೆಯುತ್ತಿತ್ತು, ಈಚೆ ನಾನು. ಅವಳು ಬಾಯಿ ತೆರೆದದ್ದು ಲಿಂಗ ಸಿಕ್ಕಿತೆಂದಲ್ಲ.

ಡಬ್ಬಿ ಮುಚ್ಚಿದೆ. ಅವ್ವನಿಗೆ ಏನೂ ಹೇಳಲಿಲ್ಲ. ಅವಳೂ ಹೇಳಲಿಲ್ಲ. ಕಳೆದದ್ದು ಗೋಕಾಕದ ಯಾವ ಕಸದ ಗುಡ್ಡೆಯಲ್ಲಿದೆಯೋ, ಇಂದಿಗೂ ಸಿಕ್ಕಿಲ್ಲ.

ಮರುದಿನ ಏಳೂವರೆಗೆ ಸೂಜಿ ತುಂಬಿಕೊಂಡು ಬಂದೆ. ಅವ್ವ ಸೆರಗು ಸರಿಸಿ ಹೊಟ್ಟೆ ತೋರಿಸಿದಳು. ಚುಚ್ಚುವ ಮೊದಲು ಒಂದು ಕ್ಷಣ ನಿಂತೆ.

"ಪೂಜಿ ಆದಮ್ಯಾಲ ಮಾಡ್ಲೇನಬೇ?"

"ಯಾಕ?"

ಸೂಜಿಗೆ ಮತ್ತೆ ಮುಚ್ಚಳ ಹಾಕಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಆವತ್ತು ಕುರ್ಚಿಯಲ್ಲಿ ಕೂತು ನೋಡಿದ ಹಾಗೆಯೇ.

"ಆತು," ಎಂದಳು. "ಆಮ್ಯಾಲ ಮಾಡು. ನೀ ಅಂಜಬ್ಯಾಡ."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ತುಂಬಿದ ಸೂಜಿಯನ್ನು ಕೈಯಲ್ಲಿ ಹಿಡಿದುಕೊಂಡು ನಾನು ಹೊರಗೆ ನಿಂತೆ. ನೀರು ಬಿಟ್ಟ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಕರಡಿಗೆಯ ಸದ್ದಿಗಾಗಿ ಕಾಯುತ್ತ ನಿಂತೆ.